ನಿಧಾನ ಬಿಡುಗಡೆಯ ಮಾತ್ರೆ: ಪಾರ್ಕಿನ್ಸನ್ ಔಷಧದ ಆರಂಭಿಕ ಪರೀಕ್ಷೆಗಳು ಕಲಿಸುವ ಲೆಕ್ಕ

ಪಾರ್ಕಿನ್ಸನ್ ಕಾಯಿಲೆಗೆ ಇಂದಿಗೂ ಮುಖ್ಯ ಔಷಧವೆಂದರೆ ಲೆವೊಡೋಪಾ. ನಮ್ಮ ಹೊಲದ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿ ಬಳ್ಳಿಯ ಬೀಜದಲ್ಲಿಯೂ ಸಹಜವಾಗಿ ದೊರೆಯುವ ಈ ವಸ್ತು 1960ರ ದಶಕದ ಅಂತ್ಯದಿಂದ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ. ಕಾರ್ಬಿಡೋಪಾ ಎಂಬ ಸಹಾಯಕ ಔಷಧದೊಡನೆ ಸೇರಿಸಿದ ಮಾತ್ರೆಗೆ ಅಮೆರಿಕದಲ್ಲಿ 1975ರಲ್ಲಿ ಅನುಮತಿ ದೊರೆಯಿತು. ಆ ಬಳಿಕ ಔಷಧೋದ್ಯಮವು ಇದೇ ಹಳೆಯ ವಸ್ತುವನ್ನು ನಿಧಾನವಾಗಿ ದೇಹಕ್ಕೆ ತಲುಪಿಸುವ ವಿಧಾನಕ್ಕಾಗಿ ದಶಕಗಳ ಕಾಲ ಹಣ ತೊಡಗಿಸುತ್ತ ಬಂದಿದೆ. ಆ ಪ್ರಯತ್ನಗಳ ಇತಿಹಾಸದಲ್ಲಿ ಉದ್ಯಮಿಗಳಿಗೂ ಹೂಡಿಕೆದಾರರಿಗೂ ಪಾಠಗಳಿವೆ.

ಸಮಸ್ಯೆಯ ಸ್ವರೂಪ

ಲೆವೊಡೋಪಾ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸುಮಾರು ಒಂದೂವರೆ ಗಂಟೆಯಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಸಣ್ಣ ಕರುಳಿನ ಮೇಲ್ಭಾಗದಲ್ಲಿ ಮಾತ್ರ ಅದು ಚೆನ್ನಾಗಿ ಹೀರಲ್ಪಡುತ್ತದೆ. ಕಾಯಿಲೆ ಮುಂದುವರಿದಂತೆ, ಮುಂದಿನ ಮಾತ್ರೆಯ ಹೊತ್ತು ಬರುವ ಮುನ್ನವೇ ರೋಗಿಯ ಕೈ ನಡುಗತೊಡಗುತ್ತದೆ, ಕಾಲು ಹೆಜ್ಜೆ ಕೀಳದು, ಅಂಗಿಯ ಗುಂಡಿ ಹಾಕಲೂ ಮತ್ತೊಬ್ಬರ ನೆರವು ಬೇಕಾಗುತ್ತದೆ. ವಾಣಿಜ್ಯದ ಭಾಷೆಯಲ್ಲಿ ಹೇಳುವುದಾದರೆ ಇದು ನಗದು ಹರಿವಿನ ತೊಂದರೆ: ದಿನದ ಒಟ್ಟು ಜಮೆ ಸಾಕಷ್ಟಿದ್ದರೂ ಬೇಕಾದ ಗಳಿಗೆಯಲ್ಲಿ ಹಣ ಕೈಯಲ್ಲಿರುವುದಿಲ್ಲ.

ಮೊದಲ ಹಂತದಲ್ಲಿ ಅಳೆಯುವುದೇನು?

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ವಿವರಣೆಯಂತೆ ಮೊದಲ ಹಂತದ ಪರೀಕ್ಷೆಯಲ್ಲಿ ಸಾಮಾನ್ಯವಾಗಿ 20ರಿಂದ 100 ಮಂದಿ ಇರುತ್ತಾರೆ. ನಿಧಾನ ಬಿಡುಗಡೆಯ ಮಾತ್ರೆಯ ವಿಷಯದಲ್ಲಿ ಇಲ್ಲಿ ಕೇಳುವ ಪ್ರಶ್ನೆ ಸರಳವಾದುದು. ಒಬ್ಬನೇ ಸ್ವಯಂಸೇವಕನಿಗೆ ಒಂದು ದಿನ ಹಳೆಯ ಮಾತ್ರೆ, ಕೆಲವು ದಿನಗಳ ಅಂತರದಲ್ಲಿ ಹೊಸ ಮಾತ್ರೆ ಕೊಟ್ಟು, ನಿಗದಿತ ಅವಧಿಗಳಲ್ಲಿ ರಕ್ತದ ಮಾದರಿ ತೆಗೆಯುತ್ತಾರೆ. ಔಷಧದ ಪ್ರಮಾಣ ಎಷ್ಟು ಎತ್ತರಕ್ಕೇರಿತು, ಎಷ್ಟು ಹೊತ್ತು ನಿಂತಿತು, ಒಟ್ಟು ಎಷ್ಟು ರಕ್ತಕ್ಕೆ ಸೇರಿತು ಎಂಬುದನ್ನು ಹೋಲಿಸುತ್ತಾರೆ. ಮಾತ್ರೆ ಸುರಕ್ಷಿತವೇ ಎಂಬುದನ್ನೂ ಗಮನಿಸುತ್ತಾರೆ. ರೋಗಿಯ ಬದುಕು ಸುಧಾರಿಸಿತೇ ಎಂಬ ಪ್ರಶ್ನೆಗೆ ಉತ್ತರ ದೊರೆಯುವುದು ನಂತರದ ಹಂತಗಳಲ್ಲಿ. ಅಲ್ಲಿ ರೋಗಿಗಳು ಅರ್ಧ ಗಂಟೆಗೊಮ್ಮೆ ತಮ್ಮ ಸ್ಥಿತಿಯನ್ನು ದಿನಚರಿಯಲ್ಲಿ ಗುರುತಿಸುತ್ತಾರೆ.

ಎರಡು ಉದಾಹರಣೆಗಳು

ಇಸ್ರೇಲಿನ ಇಂಟೆಕ್ ಫಾರ್ಮಾ ಕಂಪನಿಯು 'ಅಕಾರ್ಡಿಯನ್ ಪಿಲ್' ಎಂಬ ಜಾಣ್ಮೆಯ ಮಾತ್ರೆಯನ್ನು ರೂಪಿಸಿತ್ತು. ಮಡಿಸಿಟ್ಟ ತೆಳುಪದರವು ಹೊಟ್ಟೆಯಲ್ಲಿ ಬಿಚ್ಚಿಕೊಂಡು, ಗಂಟೆಗಟ್ಟಲೆ ಅಲ್ಲಿಯೇ ಉಳಿದು, ಔಷಧವನ್ನು ಸ್ವಲ್ಪಸ್ವಲ್ಪವಾಗಿ ಕರುಳಿಗೆ ಬಿಡುವ ಏರ್ಪಾಡು ಅದು. ಆರಂಭಿಕ ಪರೀಕ್ಷೆಗಳಲ್ಲಿ ರಕ್ತದ ಮಟ್ಟ ಹೆಚ್ಚು ಸ್ಥಿರವಾಗಿ ಕಂಡುಬಂದು ಭರವಸೆ ಮೂಡಿತ್ತು. ಆದರೆ 2019ರ ಜುಲೈನಲ್ಲಿ ಪ್ರಕಟವಾದ ಮೂರನೆಯ ಹಂತದ ಫಲಿತಾಂಶದಲ್ಲಿ ಹಳೆಯ ಮಾತ್ರೆಗಿಂತ ಅದು ಮೇಲೆಂದು ಸಾಬೀತಾಗಲಿಲ್ಲ. ಕಂಪನಿಯ ಷೇರು ಬೆಲೆ ಕುಸಿದುಬಿತ್ತು.

ಅಮ್ನೀಲ್ ಕಂಪನಿಯ ಕ್ರೆಕ್ಸಾಂಟ್ ಕ್ಯಾಪ್ಸೂಲಿನ ಕಥೆ ಬೇರೆ. ಅದರ ಮೂರನೆಯ ಹಂತದ ಪರೀಕ್ಷೆಗೆ 630 ರೋಗಿಗಳು ಸೇರಿದ್ದರು; ಅವರಲ್ಲಿ 506 ಮಂದಿಯನ್ನು ಎರಡು ಗುಂಪುಗಳಿಗೆ ಹಂಚಲಾಯಿತು. ದಿನಕ್ಕೆ ಸುಮಾರು 3 ಬಾರಿ ಹೊಸ ಔಷಧ ತೆಗೆದುಕೊಂಡವರಿಗೆ, ಸುಮಾರು 5 ಬಾರಿ ಹಳೆಯ ಮಾತ್ರೆ ತೆಗೆದುಕೊಂಡವರಿಗಿಂತ ದಿನಕ್ಕೆ 0.53 ಗಂಟೆ, ಅಂದರೆ ಸುಮಾರು 32 ನಿಮಿಷ, ಹೆಚ್ಚು ಒಳ್ಳೆಯ ಸಮಯ ದೊರೆಯಿತು. ಹೀಗಿದ್ದರೂ 2023ರಲ್ಲಿ ಎಫ್‌ಡಿಎ ಅನುಮತಿ ನೀಡದೆ ತಡೆಹಿಡಿಯಿತು. ರಕ್ತದ ಮಟ್ಟದ ಅಧ್ಯಯನಗಳಿಂದ ಲೆವೊಡೋಪಾದ ಸುರಕ್ಷತೆಗೆ ಸಾಕಷ್ಟು ಆಧಾರ ದೊರೆತಿದೆ, ಕಾರ್ಬಿಡೋಪಾಕ್ಕೆ ದೊರೆತಿಲ್ಲ ಎಂಬುದು ಅದರ ಆಕ್ಷೇಪವಾಗಿತ್ತು. ಕೊರತೆ ತುಂಬಿಕೊಟ್ಟ ಮೇಲೆ 2024ರ ಆಗಸ್ಟ್‌ನಲ್ಲಿ ಅನುಮತಿ ಬಂದಿತು. ಮೂರನೆಯ ಹಂತ ಗೆದ್ದ ಔಷಧವೂ ರಕ್ತದ ಮಟ್ಟದ ಲೆಕ್ಕದಲ್ಲಿ ಉಳಿದ ಒಂದು ಅಂತರಕ್ಕಾಗಿ ವರ್ಷಕ್ಕೂ ಮೀರಿ ಕಾಯಬೇಕಾಯಿತು ಎಂಬುದು ಗಮನಾರ್ಹ.

ಲೆಕ್ಕಪತ್ರದ ದೃಷ್ಟಿ

ಈ ಅನಿಶ್ಚಿತತೆಯನ್ನು ಲೆಕ್ಕಪತ್ರ ಮಾನದಂಡಗಳು ಮೊದಲೇ ಗುರುತಿಸಿವೆ. ಎಎಸ್ 26 ಹಾಗೂ ಇಂಡ್ ಎಎಸ್ 38ರ ಪ್ರಕಾರ ಸಂಶೋಧನಾ ಹಂತದ ವೆಚ್ಚವನ್ನು ಆಯಾ ವರ್ಷದ ಲಾಭನಷ್ಟ ಖಾತೆಗೇ ಹಾಕಬೇಕು. ಅಭಿವೃದ್ಧಿ ಹಂತದ ವೆಚ್ಚವನ್ನು ಆಸ್ತಿಯಾಗಿ ತೋರಿಸಲು ತಾಂತ್ರಿಕ ಸಾಧ್ಯತೆ, ಮುಂದಿನ ಲಾಭದ ಸಂಭವ ಮೊದಲಾದ ಷರತ್ತುಗಳು ಪೂರೈಸಿರಬೇಕು. ಮೊದಲ ಹಂತದ ಒಂದು ಶುಭವಾರ್ತೆ ಇದಕ್ಕೆ ಸಾಲದು.

ತೆರಿಗೆಯ ಆಸರೆಯೂ ತಗ್ಗಿದೆ. 1961ರ ಆದಾಯ ತೆರಿಗೆ ಕಾಯಿದೆಯ 35(2ಎಬಿ) ಕಲಮಿನಡಿ ಅನುಮೋದಿತ ಸ್ವಂತ ಸಂಶೋಧನಾ ಕೇಂದ್ರದ ಅರ್ಹ ವೆಚ್ಚಕ್ಕೆ ದೊರೆಯುತ್ತಿದ್ದ ಶೇ. 200ರ ಕಡಿತವು 2017ರ ಏಪ್ರಿಲ್‌ನಿಂದ ಶೇ. 150ಕ್ಕೆ, 2020ರ ಏಪ್ರಿಲ್‌ನಿಂದ ಶೇ. 100ಕ್ಕೆ ಇಳಿಯಿತು. ಆದುದರಿಂದ ಪರೀಕ್ಷೆ ವಿಫಲವಾದರೆ ನಷ್ಟದ ಹೆಚ್ಚಿನ ಪಾಲನ್ನು ಉದ್ಯಮವೇ ಹೊರಬೇಕು.

ಔಷಧ ಕ್ಷೇತ್ರದಲ್ಲಿ ಬಂಡವಾಳ ಹೂಡುವವರು ಕಂಪನಿಯ ಪ್ರಕಟಣೆಯನ್ನು ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಇದು ಯಾವ ಹಂತದ ಫಲಿತಾಂಶ? ಅಳೆದದ್ದು ರಕ್ತದ ಮಟ್ಟವೋ, ರೋಗಿಯ ದಿನವೋ? ಹೋಲಿಕೆ ಯಾವುದರೊಡನೆ ನಡೆಯಿತು? 32 ನಿಮಿಷ ಎಂಬುದು ತಃಖ್ತೆಯಲ್ಲಿ ಚಿಕ್ಕ ಅಂಕಿಯಾಗಿ ಕಾಣಬಹುದು. ತನ್ನ ಕೈಯಿಂದಲೇ ಊಟ ಮಾಡಿ ಮುಗಿಸಲು ರೋಗಿಗೆ ಅಷ್ಟು ಹೊತ್ತು ಸಾಕು. ಆ ಅರ್ಧ ಗಂಟೆಯನ್ನು ಪ್ರಾಮಾಣಿಕವಾಗಿ ಅಳೆದು ತೋರಿಸಿದ ಉದ್ಯಮಕ್ಕೆ ಮಾತ್ರ ಮಾರುಕಟ್ಟೆಯಲ್ಲಿ ಬಾಳಿಕೆಯುಂಟು.