ಸರ್‌ನೇಮ್ ಕೇಳುವ ಫಾರ್ಮು, ಜಾತಿ ಹುಡುಕುವ ಕಣ್ಣು

ವೀಸಾ ಇರಲಿ, ವಿಮಾನದ ಟಿಕೆಟ್ ಇರಲಿ, 'ಸರ್‌ನೇಮ್' ಅನ್ನೋ ಖಾಲಿ ಜಾಗ ಇದ್ದೇ ಇರುತ್ತೆ. ಹಳೇ ಮೈಸೂರು ಕಡೆಯ ನನ್ನಂಥವರು ಅಲ್ಲೇ ತಡವರಿಸ್ತೀವಿ. ನಮಗಿರೋದು ಎರಡು ಇನಿಷಿಯಲ್ಲು, ಒಂದು ಹೆಸರು. ಇಂಜಿನಿಯರಿಂಗ್ ಓದಿದವನಾಗಿ ಇದರ ತಾಂತ್ರಿಕ ಕಾರಣ ನನಗೆ ಗೊತ್ತು: ಎಲ್ಲರಿಗೂ ಮನೆತನದ ಹೆಸರೊಂದು ಇರುತ್ತೆ ಅಂತ ನಂಬಿದ ಯಾರೋ ಆ ಡೇಟಾಬೇಸ್ ಕಟ್ಟಿದ್ದಾರೆ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗರನ್ನು ಒಳಗೆ ಬಿಡಲ್ಲ ಅಂತಲೇ ಹೇಳಿತು.

ಆದರೆ ಸರ್‌ನೇಮ್ ನಮ್ಮಲ್ಲಿ ಬರೀ ಸಾಫ್ಟ್‌ವೇರ್ ಸಮಸ್ಯೆ ಅಲ್ಲ.

ಮೊದಲಿಗೆ, ಕರ್ನಾಟಕದೊಳಗೇ ಒಂದು ನಿಯಮ ಇಲ್ಲ. ಕೆ.ವಿ. ಪುಟ್ಟಪ್ಪ ಅವರ 'ಕೆ' ಊರು, ಕುಪ್ಪಳಿ. 'ವಿ' ಅಪ್ಪ, ವೆಂಕಟಪ್ಪ. ಕೊಡಗಿನಲ್ಲಿ ಒಕ್ಕದ ಹೆಸರೇ ಮೊದಲು: ಕೊಡಂದೇರ ಮಾದಪ್ಪ ಕಾರ್ಯಪ್ಪ. ಇನ್ನು ತಮಿಳುನಾಡಿನ ಎಂ.ಎಸ್. ಸುಬ್ಬುಲಕ್ಷ್ಮಿ ಅವರ 'ಎಸ್' ಅಪ್ಪನದ್ದಲ್ಲ, ಅಮ್ಮ ಷಣ್ಮುಖವಡಿವು ಅವರದ್ದು.

ಉತ್ತರ ಕರ್ನಾಟಕಕ್ಕೆ ಬಂದರೆ ಅಡ್ಡಹೆಸರುಗಳದ್ದೇ ಸಂತೆ. ಮೆಣಸಿನಕಾಯಿ, ಉಳ್ಳಾಗಡ್ಡಿ ಕೂಡ ಅಡ್ಡಹೆಸರುಗಳೇ. ಬಡಿಗೇರ ಅಂದರೆ ಮರಗೆಲಸದವರು, ಕಂಬಾರ ಅಂದರೆ ಕಬ್ಬಿಣದ ಕೆಲಸದವರು, ನದಾಫ ಅಂದರೆ ಹತ್ತಿ ಹಿಂಜುವವರು. ಹಡಪ ಅಂದರೆ ಎಲೆಅಡಿಕೆ ಚೀಲ. ಹಡಪದ ಅನ್ನೋ ಹೆಸರು 12ನೇ ಶತಮಾನದ ಶರಣ ಹಡಪದ ಅಪ್ಪಣ್ಣನನ್ನು ನೆನಪಿಸುತ್ತೆ. ಊರ ಲೆಕ್ಕ ಬರೆದವನು ಕುಲಕರ್ಣಿ, ಊರು ಕಾಯ್ದವನು ತಳವಾರ. ವಂಶಪಾರಂಪರ್ಯವಾಗಿ ಬಂದ ಈ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಹುದ್ದೆ ಹೋಯ್ತು, ಹೆಸರು ಉಳೀತು. ಹೆಸರಿನ ಜೊತೆ ಅದರ ಮೇಲು-ಕೀಳೂ ಉಳೀತು.

ಎಷ್ಟರಮಟ್ಟಿಗೆ? ಸುಖದೇವ್ ಥೋರಟ್ ಮತ್ತು ಪಾಲ್ ಅಟವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಪತ್ರಿಕಾ ಜಾಹೀರಾತು ಕೊಟ್ಟಿದ್ದ ಖಾಸಗಿ ಕಂಪನಿಗಳಿಗೆ ಒಂದೇ ಮಟ್ಟದ ಅರ್ಹತೆಯ ಅರ್ಜಿಗಳನ್ನು ಕಳಿಸಿದರು. ಬೇರೆಯಾಗಿದ್ದದ್ದು ಹೆಸರು ಮಾತ್ರ. ದಲಿತ ಹೆಸರಿನ ಅರ್ಜಿಗಳಿಗೆ ಕರೆ ಬರುವ ಸಾಧ್ಯತೆ ಮೇಲ್ಜಾತಿ ಹೆಸರಿನವಕ್ಕಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ ಇತ್ತು. ಸಂದರ್ಶನ ಇನ್ನೂ ನಡೆದೇ ಇರಲಿಲ್ಲ!

ಹಾಗಾದ್ರೆ ಅಡ್ಡಹೆಸರು ಕಿತ್ತುಹಾಕಿದರೆ ಮುಗೀತಾ? 1929ರಲ್ಲಿ ಚೆಂಗಲ್ಪಟ್ಟುವಿನ ಸ್ವಾಭಿಮಾನ ಸಮ್ಮೇಳನ ಜಾತಿಸೂಚಕ ಹೆಸರು ಬಿಡಬೇಕು ಅಂತ ನಿರ್ಣಯ ಮಾಡಿತು. ಪೆರಿಯಾರ್ ತಮ್ಮ 'ನಾಯ್ಕರ್' ಬಿಟ್ಟರು. ಇವತ್ತು ತಮಿಳುನಾಡಿನ ಎಷ್ಟೋ ಜನರಿಗೆ ಜಾತಿಯ ಬಾಲ ಇಲ್ಲ. ಅದು ದೊಡ್ಡ ಗೆಲುವೇ. ಆದರೆ ಅಲ್ಲಿ ಜಾತಿ ಹತ್ಯೆಗಳು ನಿಂತಿಲ್ಲ. ನಮ್ಮಲ್ಲೂ ಅಷ್ಟೇ: ಸರ್‌ನೇಮ್ ಇಲ್ಲದಿದ್ದರೆ ಪ್ರಶ್ನೆ ಸುತ್ತಿ ಬರುತ್ತೆ. "ಯಾವೂರು? ಅಪ್ಪನ ಹೆಸರೇನು? ಮನೆದೇವ್ರು ಯಾವ್ದು? ನಾನ್‌ವೆಜ್ ತಿಂತೀರಾ?" ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಪಟ್ಟಿ ಬಾಯಿಪಾಠ.

ಕೊಟ್ಟ ಹೆಸರೂ ಗುಟ್ಟು ಬಿಡುತ್ತೆ. ಹುಟ್ಟಿದ ಮಕ್ಕಳು ಉಳಿಯದಿದ್ದಾಗ, ಮುಂದಿನ ಕೂಸಾದರೂ ಬದುಕಲಿ ಅಂತ ತಿಪ್ಪೆಯ ಹೆಸರಿಟ್ಟು ತಿಪ್ಪಯ್ಯ, ತಿಪ್ಪಮ್ಮ ಅಂದರು. ಹೆಣ್ಣುಮಕ್ಕಳು 'ಇನ್ನು ಸಾಕು' ಅನಿಸಿದಾಗ ಸಾಕಮ್ಮ ಅಂದರು. ಕಾಲೇಜಿನಲ್ಲಿ ಹಾಜರಿ ಕೂಗುವಾಗ ಇಂಥ ಹೆಸರಿಗೆ ಮುಸಿಮುಸಿ ನಗೋದನ್ನ ನಾನು ಕೇಳಿದ್ದೀನಿ. ಆ ನಗು ಬಡತನದ ಮೇಲಿನ ನಗು.

ಅದಕ್ಕೇ ನಾನು ಯಾರಿಗೂ 'ಸರ್‌ನೇಮ್ ಬಿಡಿ' ಅಂತ ಸಲೀಸಾಗಿ ಹೇಳಲಾರೆ. ಸವಲತ್ತು ಉಳಿಸಿಕೊಂಡೇ ಬಾಲ ಬಿಡೋದು ಒಬ್ಬರಿಗೆ ಫ್ಯಾಷನ್. ಇನ್ನೊಬ್ಬರಿಗೆ ಹೆಸರು ಮುಚ್ಚಿಡೋದು ಬಾಡಿಗೆ ಮನೆಯ ಪ್ರಶ್ನೆ. ಮತ್ತೊಬ್ಬರು ಅದೇ ಹೆಸರನ್ನ ಎದೆಯೆತ್ತಿ ಹೇಳ್ತಾರೆ, ಅದೂ ರಾಜಕೀಯವೇ.

ಬದಲಾಗಬೇಕಾದ್ದು ಕೇಳುವವರು. ಫಾರ್ಮಿಗೆ 'ಪೂರ್ಣ ಹೆಸರು' ಅನ್ನೋ ಒಂದೇ ಡಬ್ಬಿ ಸಾಕು. ಕಂಪನಿಗಳು ಮೊದಲ ಸುತ್ತಿನಲ್ಲಿ ಹೆಸರು ಮರೆಮಾಡಿ ಅರ್ಜಿ ನೋಡಬಹುದು. ಎರಡೂ ನಾಲ್ಕು ಸಾಲು ಕೋಡಿನ ಕೆಲಸ. ಇನ್ನು ಹೆಸರು ಕೇಳಿದ ಮೇಲೆ "ಮುಂದೆ?" ಅಂತ ಎಳೆಯುವ ಅಭ್ಯಾಸ. ಅದನ್ನ ನಾವೇ ಬಿಡಬೇಕು.