ದೋಣಿ ಕಂಡು ಊರು ಹೇಳುವ ಆಟ

ಬುಟ್ಟಿಯಂಥ ಗುಂಡು ದೋಣಿ. ಒಳಗೆ ಕಡ್ಡಿಯ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ನದಿಯ ದಂಡೆಯಲ್ಲಿ ಈಗ ಹಾಳುಬಿದ್ದಿರುವ ಒಂದು ರಾಜಧಾನಿ. ಊರು ಯಾವುದು?

ಕರೆಂಟು ಹೋದ ಸಂಜೆಗಳಲ್ಲಿ ನಮ್ಮ ಮನೆಯಲ್ಲಿ ಆಡುವ ಆಟ ಇದು. ಒಬ್ಬರು ಒಂದು ದೋಣಿಯನ್ನೂ ಆ ಜಾಗದ ಚರಿತ್ರೆಯ ಒಂದೆರಡು ಎಳೆಗಳನ್ನೂ ಹೇಳಬೇಕು, ಉಳಿದವರು ನೀರ ಬದಿಯ ಊರನ್ನು ಹೇಳಬೇಕು. ಈ ಸುಳಿವು ಕೊಟ್ಟಾಗ ಚಿಕ್ಕಪ್ಪ, ಅಕ್ಕ, ಅಕ್ಕನ ಮಕ್ಕಳು ಎಲ್ಲರೂ ಒಂದೇ ಉಸಿರಿಗೆ 'ಹಂಪಿ' ಅಂದರು. ನನ್ನ ಮನಸ್ಸಿನಲ್ಲಿದ್ದದ್ದು ಬ್ಯಾಬಿಲೋನ್. ಮೋಸ ಮೋಸ ಎಂದು ಗದ್ದಲವೆದ್ದಿತು. ಮೋಸ ಮಾಡಿದ್ದು ನಾನಲ್ಲ, ದೋಣಿಯ ಆಕಾರ ನೋಡಿದ ಕೂಡಲೇ ಊರು ಗೊತ್ತಾಗಿಬಿಡುತ್ತದೆ ಎಂಬ ನಮ್ಮ ನಂಬಿಕೆ.

ಹರಿಗೋಲು ಎಂದರೆ ತುಂಗಭದ್ರೆ, ತುಂಗಭದ್ರೆ ಎಂದರೆ ಹಂಪಿ ಎಂಬ ಲೆಕ್ಕ ಸುಮ್ಮನೆ ಹುಟ್ಟಿದ್ದಲ್ಲ. 1520ರ ಸುಮಾರಿಗೆ ವಿಜಯನಗರ ನೋಡಲು ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಜನ ಹೊಳೆ ದಾಟುತ್ತಿದ್ದ ಈ ಬುಟ್ಟಿಗಳ ಬಗ್ಗೆ ಬರೆದಿಟ್ಟಿದ್ದಾನೆ. ಹದಿನೈದಿಪ್ಪತ್ತು ಜನ ಕೂರುತ್ತಾರೆ, ಅಗತ್ಯ ಬಿದ್ದರೆ ಕುದುರೆ, ಎತ್ತುಗಳೂ ದಾಟುತ್ತವೆ, ನೆಟ್ಟಗೆ ಸಾಗಲಾರದೆ ಈ ಬುಟ್ಟಿಗಳು ಸುತ್ತುತ್ತಲೇ ಇರುತ್ತವೆ ಎನ್ನುತ್ತಾನೆ. ಈ ರಾಜ್ಯದ ಹೊಳೆಗಳಲ್ಲಿ ಬೇರೆ ಬಗೆಯ ದೋಣಿಯೇ ಇಲ್ಲ ಎಂದೂ ಸೇರಿಸುತ್ತಾನೆ. ಕರಾವಳಿಯ ಅಳಿವೆಗಳಲ್ಲಿ ಓಡಾಡುವ ಪಾತಿ ದೋಣಿಗಳನ್ನು ಮರೆತಿದ್ದನೋ ಏನೋ.

ಪಯಸ್‌ಗಿಂತ ಸುಮಾರು ಎರಡು ಸಾವಿರ ವರ್ಷ ಹಿಂದೆಯೇ ಗ್ರೀಕರ ಹೆರೊಡೊಟಸ್ ಇಂಥದೇ ದೋಣಿಗಳನ್ನು ಯೂಫ್ರೆಟಿಸ್ ನದಿಯಲ್ಲಿ ವರ್ಣಿಸಿದ್ದ. ಮೇಲಿನ ಸೀಮೆಯಾದ ಆರ್ಮೇನಿಯಾದಲ್ಲಿ ಮರದ ಕಡ್ಡಿಗಳ ಚೌಕಟ್ಟು ಕಟ್ಟಿ, ಚರ್ಮ ಹೊದಿಸಿ, ತಳಕ್ಕೆ ಹುಲ್ಲು ಹಾಸಿ, ಸರಕಿನ ಜೊತೆಗೆ ಒಂದು ಜೀವಂತ ಕತ್ತೆಯನ್ನೂ ಹತ್ತಿಸುತ್ತಿದ್ದರಂತೆ. ದೊಡ್ಡ ದೋಣಿಯಾದರೆ ನಾಲ್ಕಾರು ಕತ್ತೆ. ಹೊಳೆಯ ಸೆಳವಿಗೆ ಬ್ಯಾಬಿಲೋನ್ ತಲುಪಿ ಸರಕು ಮಾರಿದ ಮೇಲೆ ಚೌಕಟ್ಟು, ಹುಲ್ಲುಗಳನ್ನೂ ಅಲ್ಲೇ ಮಾರಿ, ಚರ್ಮವನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ನಡೆದೇ ಊರಿಗೆ ಮರಳುವುದು. ಎದುರು ಸೆಳವಿನಲ್ಲಿ ದೋಣಿ ಹತ್ತುವ ಮಾತೇ ಇಲ್ಲ. ಇದೇ ವಂಶದ 'ಖುಫಾ' ಎಂಬ ಗುಂಡು ದೋಣಿಗಳು, ತೊಗಲಿನ ಬದಲು ಡಾಂಬರಿನಂಥ ನೆಲದೆಣ್ಣೆ ಬಳಿಸಿಕೊಂಡು, ಇಪ್ಪತ್ತನೆಯ ಶತಮಾನದಲ್ಲೂ ಬಾಗ್ದಾದಿನಲ್ಲಿ ಟೈಗ್ರಿಸ್ ದಾಟಿಸುತ್ತಿದ್ದವು.

ಇದನ್ನು ಓದಿದ ಮೇಲೆ ನಾನು ಆಟದ ಪ್ರಶ್ನೆಯನ್ನೇ ಬದಲಿಸಿಕೊಂಡೆ. ದೋಣಿ ಹೇಗಿದೆ ಎಂದು ಕೇಳುವ ಬದಲು, ಅದು ವಾಪಸು ಬರುವುದು ಹೇಗೆ ಎಂದು ಕೇಳತೊಡಗಿದೆ. ಕತ್ತೆಯ ಮೇಲೆ ಬಂದರೆ ಬ್ಯಾಬಿಲೋನ್. ಮನುಷ್ಯನ ಬೆನ್ನ ಮೇಲೆ ಆಮೆಯ ಚಿಪ್ಪಿನಂತೆ ಬಂದರೆ ಬ್ರಿಟನ್ನಿನ ವೇಲ್ಸ್. ಅಲ್ಲಿನ ಟೈವಿ ನದಿಯಲ್ಲಿ ಒಬ್ಬೊಬ್ಬರೇ ಕೂರುವ ಪುಟ್ಟ ಹರಿಗೋಲುಗಳು ಎರಡೆರಡು ಜೋಡಿಯಾಗಿ, ನಡುವೆ ಬಲೆ ಹಿಡಿದು, ಮೀನಿಗಾಗಿ ಇಳಿಜಾರಿನತ್ತ ತೇಲುತ್ತವೆ. ಆಮೇಲೆ ಬೆಸ್ತರು ದೋಣಿ ಹೊತ್ತು ದಂಡೆಗುಂಟ ಮೇಲಕ್ಕೆ ನಡೆಯುತ್ತಾರೆ. ಗುಂಡು ದೋಣಿ ಕಡಲಿನ ಅಲೆಯ ಮೇಲೇ ಹೋಗಿ ಬಂದರೆ? 'ಬುಟ್ಟಿ ದೋಣಿ ಹೊಳೆಗೆ ಮಾತ್ರ' ಎನ್ನುವವರು ಇಲ್ಲಿ ಸೋಲುತ್ತಾರೆ. ಮಧ್ಯ ವಿಯೆಟ್ನಾಮಿನ ದಾ ನಾಂಗ್, ಹೊಯಿ ಆನ್ ತೀರದಲ್ಲಿ ಬಿದಿರು ಹೆಣೆದು ಅಂಟು ಮೆತ್ತಿದ ಬುಟ್ಟಿಗಳಲ್ಲಿ ಮೀನುಗಾರರು ಸಮುದ್ರಕ್ಕೇ ಇಳಿಯುತ್ತಾರೆ. ಇನ್ನು ಬಂಡೆ, ಜಲಪಾತ, ಹರಿಗೋಲು, ಅಚ್ಚಗನ್ನಡದ ಹೆಸರು ಎಂದೆಲ್ಲ ಸುಳಿವು ಕೊಟ್ಟರೂ ಊರು ಕರ್ನಾಟಕದ್ದೇ ಆಗಬೇಕಿಲ್ಲ. ಹೊಗೆಯ ಕಲ್ಲು ಹೊಗೇನಕಲ್ ಇರುವುದು ತಮಿಳುನಾಡಿನ ಧರ್ಮಪುರಿ ಜಿಲ್ಲೆಯಲ್ಲಿ. ಕಾವೇರಿಯ ಆಚೆ ದಡ ನಮ್ಮದು.

ಸರಿಯಾದ ದೋಣಿ ಮಾಡಲು ಬಾರದವರು ಹರಿಗೋಲು ಹೆಣೆದರು ಎಂಬ ಮಾತಿದೆಯಲ್ಲ, ಅದನ್ನು ಆಡುವವರು ಬೇಸಿಗೆಯಲ್ಲಿ ಒಮ್ಮೆ ಹಂಪಿಯ ಎದುರು ದಡದ ಆನೆಗೊಂದಿಯ ಹೊಳೆ ನೋಡಬೇಕು. ನೀರಿಗಿಂತ ಬಂಡೆಯೇ ಹೆಚ್ಚು. ಚೂಪು ಮೂತಿಯ, ಆಳ ಹೊಟ್ಟೆಯ ಮರದ ದೋಣಿ ಇಲ್ಲಿ ಎರಡನೆಯ ಬಂಡೆಗೇ ಸೀಳಿಹೋಗುತ್ತದೆ. ಗೇಣುದ್ದ ನೀರಿದ್ದರೂ ತೇಲುವ ಬಿದಿರ ಬುಟ್ಟಿ ಬಂಡೆಗೆ ಬಡಿದರೆ ಬಾಗುತ್ತದೆ, ಜಾರಿ ಪಕ್ಕಕ್ಕೆ ತಿರುಗುತ್ತದೆ. ಆ ಸುತ್ತುವ ಗುಣವನ್ನೇ ಅಂಬಿಗ ಹುಟ್ಟಿನ ಒಂದೊಂದು ಎಳೆತದಲ್ಲಿ ಪಳಗಿಸಿಕೊಳ್ಳುತ್ತಾನೆ. ಈಗ ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಉಪಾಯ ಮಾತ್ರ ಹಳೆಯದೇ.

ವೆನಿಸ್‌ನ ಗೊಂಡೊಲಾ ಸುಳಿವು ಯಾರೂ ತಪ್ಪುವುದಿಲ್ಲವಾದ್ದರಿಂದ ಆಟದಲ್ಲಿ ಅದಕ್ಕೆ ಬೆಲೆಯಿಲ್ಲ. ಆದರೆ ಅದು ಕಪ್ಪಗಿರುವುದು ಪ್ಲೇಗಿನಲ್ಲಿ ಸತ್ತವರ ಸೂತಕಕ್ಕೆ ಎಂಬ ಕಥೆಯನ್ನು ಮಾತ್ರ ನಂಬಬೇಡಿ. ಸಿರಿವಂತರು ದೋಣಿಗೆ ಚಿನ್ನ, ರೇಷ್ಮೆ ಹೊದಿಸಿ ಒಬ್ಬರ ಮೇಲೊಬ್ಬರು ಮೆರೆಯತೊಡಗಿದಾಗ, 16ನೆಯ ಶತಮಾನದಲ್ಲಿ ಆಡಂಬರಕ್ಕೆ ಕಡಿವಾಣ ಹಾಕಲು ಅಲ್ಲಿನ ಸರ್ಕಾರ ತಂದ ಕಟ್ಟಳೆಗಳಿಂದ ಬಂದ ಬಣ್ಣ ಅದು. ಪೋರ್ಚುಗಲ್ಲಿನ ಅವೇರೊ ಪಟ್ಟಣವನ್ನು 'ಪೋರ್ಚುಗಲ್ಲಿನ ವೆನಿಸ್' ಎಂದು ಕರೆದು, ಅಲ್ಲಿನ ಬಣ್ಣಬಣ್ಣದ ಮೊಲಿಸೈರೊಗಳನ್ನು ಗೊಂಡೊಲಾದ ನಕಲು ಎನ್ನುವವರಿದ್ದಾರೆ. ಅವು ಅಸಲಿಗೆ ಗೊಬ್ಬರದ ಗಾಡಿಗಳು. ಹಿನ್ನೀರಿನಿಂದ ಪಾಚಿ, ಜೊಂಡು ಬಾಚಿ ಹೊಲಗಳಿಗೆ ಸಾಗಿಸುತ್ತಿದ್ದವು. ಪ್ರವಾಸಿಗಳು ಬಂದದ್ದು ಆಮೇಲೆ.

ಕೇರಳದ ಹೌಸ್‌ಬೋಟಿನ ಕಥೆಯೂ ಹಾಗೇ. ಆಲಪ್ಪುಳದ ಜನ ತಲೆತಲಾಂತರದಿಂದ ನೀರಿನ ಮೇಲೇ ಮನೆ ಮಾಡಿಕೊಂಡಿದ್ದರು ಎಂದು ನಮ್ಮ ಚಿಕ್ಕಪ್ಪನ ವಾದ. ಅದು ಮನೆಯಲ್ಲ, ಕೆಟ್ಟುವಳ್ಳಂ. ಕುಟ್ಟನಾಡಿನ ಭತ್ತ, ಮಸಾಲೆಗಳನ್ನು ಕೊಚ್ಚಿಗೆ ಒಯ್ಯುತ್ತಿದ್ದ ಸರಕಿನ ದೋಣಿ. ರಸ್ತೆ, ಲಾರಿ ಬಂದು ಕೆಲಸ ಕಳೆದುಕೊಂಡ ಈ ದೋಣಿಗಳ ಮೇಲೆ ಮಲಗುವ ಕೋಣೆ ಏರಿದ್ದು 1990ರ ದಶಕದ ಹೊತ್ತಿಗೆ. ಹೆಸರಲ್ಲೇ ಅದರ ಗುಟ್ಟಿದೆ: ಕೆಟ್ಟು ಎಂದರೆ ನಮ್ಮ ಕಟ್ಟು. ಮೊಳೆಯಿಲ್ಲದೆ, ಹಲಗೆಗೆ ಹಲಗೆ ಜೋಡಿಸಿ ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ದೋಣಿ. ಕಟ್ಟು ಎಂದಾಗ ಕಟ್ಟುಮರವೂ ನೆನಪಾಗುತ್ತದೆ. ಇಂಗ್ಲಿಷಿನ ಕಟಮರಾನ್ ಪದ ಬಂದದ್ದು ತಮಿಳಿನ ಕಟ್ಟುಮರದಿಂದ, ನಿಜ. ಹಾಗೆಂದು ಜೋಡಿ ಒಡಲಿನ ಆ ವೇಗದ ಹಡಗು ತಮಿಳರದಲ್ಲ, ಪೆಸಿಫಿಕ್ ದ್ವೀಪದವರದು. ಮದರಾಸಿನ ಕಟ್ಟುಮರ ನಾಲ್ಕಾರು ದಿಮ್ಮಿಗಳನ್ನು ಬಿಗಿದು ಕಟ್ಟಿದ ತೆಪ್ಪ, ಅಷ್ಟೆ.

ಮೊಳೆಯಿಲ್ಲದ ದೋಣಿ ಯಾಕೆ? ನನಗೆ ಅತಿ ಪ್ರಿಯವಾದ ತಪ್ಪು ಕಲ್ಪನೆ ಇರುವುದು ಇಲ್ಲೇ. ಹಿಂದೂ ಮಹಾಸಾಗರದ ತಳದಲ್ಲಿ ಅಯಸ್ಕಾಂತದ ಬಂಡೆಗಳಿವೆ, ಕಬ್ಬಿಣದ ಮೊಳೆ ಹೊಡೆದ ಹಡಗನ್ನು ಅವು ಎಳೆದುಕೊಂಡುಬಿಡುತ್ತವೆ ಎಂದು ಶತಮಾನಗಳ ಕಾಲ ಜನ ನಂಬಿದ್ದರು. ಭೋಜರಾಜನ ಹೆಸರಿನಲ್ಲಿರುವ 'ಯುಕ್ತಿಕಲ್ಪತರು' ಕೂಡ ಕಡಲ ಹಡಗಿಗೆ ಕಬ್ಬಿಣ ಬೇಡವೆನ್ನುವುದು ಇದೇ ಕಾರಣಕ್ಕೆ. 6ನೆಯ ಶತಮಾನದ ಬೈಜಾಂಟಿಯಂ ಚರಿತ್ರಕಾರ ಪ್ರೊಕೋಪಿಯಸ್ ಮಾತ್ರ ಇದನ್ನು ಒಪ್ಪಲಿಲ್ಲ. ಬೇಕಾದಷ್ಟು ಕಬ್ಬಿಣ ಬಳಸಿ ಕಟ್ಟಿದ ರೋಮನ್ ಹಡಗುಗಳು ಅದೇ ಕಡಲಲ್ಲಿ ಓಡಾಡುತ್ತಿದ್ದರೂ ಏನೂ ಆಗಿಲ್ಲವಲ್ಲ ಎಂದು ಕೇಳಿದ. ಭೇಷ್ ಎನ್ನಬೇಕು ಅನ್ನುವಷ್ಟರಲ್ಲಿ ಆತನೇ ಜಾರಿಬಿದ್ದ: ಭಾರತದವರ ಬಳಿ ಕಬ್ಬಿಣವೇ ಇಲ್ಲ, ಅದಕ್ಕೇ ಹೊಲಿಯುತ್ತಾರೆ ಎಂದ! ಕನ್ನಡದ 'ಉಕ್ಕು' ಪದವೇ ತಿರುಚಿಕೊಂಡು 'ವೂಟ್ಸ್' ಎಂದಾಗಿ ಲೋಕವೆಲ್ಲ ಹೊಗಳಿದ ಕತ್ತಿಯುಕ್ಕಿನ ಹೆಸರಾಯಿತು ಎಂಬುದು ಪಂಡಿತರ ಮತ. ಅಂಥ ನಾಡಿಗೆ ಮೊಳೆಗೆ ಗತಿಯಿಲ್ಲ ಎನ್ನುವುದೇ?

ಹೊಲಿಗೆಯ ಕಾರಣ ತಿಳಿಯಲು ಹಳೆಯ ಮದರಾಸಿಗೆ ಹೋಗಬೇಕು. 19ನೆಯ ಶತಮಾನದ ಕೊನೆಯ ಭಾಗದವರೆಗೂ ಅಲ್ಲಿ ಕಟ್ಟಿದ ಬಂದರು ಇರಲಿಲ್ಲ. ಹಡಗುಗಳು ದೂರದಲ್ಲೇ ಲಂಗರು ಹಾಕಿದರೆ, ಅಬ್ಬರದ ಅಲೆ ದಾಟಿಸಿ ಜನರನ್ನೂ ಸರಕನ್ನೂ ದಡಕ್ಕೆ ತರುತ್ತಿದ್ದದ್ದು ಮಸೂಲಾ ಎಂಬ ಹೊಲಿದ ದೋಣಿಗಳು. ಮೊಳೆಯಿಂದ ಬಿಗಿದ ಒಡಲು ಮರಳಿಗೆ ಅಪ್ಪಳಿಸಿದರೆ ಬಿರಿಯುತ್ತದೆ, ನಾರಿನ ಹೊಲಿಗೆ ಹಲಗೆಗಳಿಗೆ ಒಂದಿಷ್ಟು ಅಲುಗಾಡಲು ಬಿಡುತ್ತದೆ. ಹಲಗೆ ಕೆಟ್ಟರೆ ಹೊಲಿಗೆ ಬಿಚ್ಚಿ ಅದೊಂದನ್ನೇ ಬದಲಿಸಬಹುದು. ಮೊಳೆಯ ಸುತ್ತ ತುಕ್ಕು ಹಿಡಿದು ಮರ ಕೊಳೆಯುವ ಚಿಂತೆಯೂ ಇಲ್ಲ.

ಚರಿತ್ರೆಯ ಎಳೆಯೂ ದೋಣಿಯಷ್ಟೇ ದಾರಿ ತಪ್ಪಿಸಬಲ್ಲದು. 'ಈ ಬಂದರಿನಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಇದ್ದದ್ದನ್ನು 14ನೆಯ ಶತಮಾನದ ಪ್ರವಾಸಿಯೊಬ್ಬ ಕಂಡಿದ್ದ' ಎಂದಾಗ ನಮ್ಮವರು ಕೋಯಿಕ್ಕೋಡ್, ಕೊಲ್ಲಂ ಎಂದೆಲ್ಲ ತಡಕಾಡಿದರು. ಅದು ಇಬ್ನ್ ಬತೂತಾ ಕಂಡ ನಮ್ಮ ಹೊನ್ನಾವರ. ದೊಡ್ಡ ಚರಿತ್ರೆಯೆಲ್ಲ ದೂರದ ಊರಿನದೇ ಇರಬೇಕು ಎಂಬುದೂ ಒಂದು ತಪ್ಪು ಕಲ್ಪನೆಯೇ ತಾನೆ.

ಇಷ್ಟೆಲ್ಲ ಪಾಠ ಹೇಳಿದ ನನ್ನನ್ನು ಕೊನೆಗೆ ಸೋಲಿಸಿದ್ದು ಅಕ್ಕನ ಮಗಳು. 'ಮಾಮ, ತೆಂಗಿನ ನಾರಿನಲ್ಲಿ ಹೊಲಿದ ಹಡಗು. ಹಾಯಿಯ ಮೇಲೆ ಗಂಡಭೇರುಂಡ ಮತ್ತು ಸೂರ್ಯ. ಮೂತಿಯಲ್ಲಿ ಸಿಂಹ ಯಾಳಿ. ಅಜಂತಾದ 5ನೆಯ ಶತಮಾನದ ಚಿತ್ರ ನೋಡಿ ಕಟ್ಟಿದ್ದು. ಇದು ಸೇನೆ ಸೇರಿದ್ದು ಯಾವ ಊರಲ್ಲಿ?'

ಗಂಡಭೇರುಂಡ ಕಂಡವನೇ ನಾನು ವಿಜಯನಗರದ ಕುದುರೆಗಳು ಬಂದಿಳಿಯುತ್ತಿದ್ದ ಭಟ್ಕಳ ಎಂದೆ. ಯಾವ ಅರಸ, ಎಷ್ಟನೆಯ ಶತಮಾನ ಎಂದು ವಿವರಿಸಲೂ ಹೊರಟಿದ್ದೆ.

'ಕಾರವಾರ,' ಅಂದಳು. 'ನೌಕಾಪಡೆಯ ಕೌಂಡಿನ್ಯ. 2025ರ ಮೇ 21.'