ಕಿವಿಯ ಹಾಗೆ ಕೇಳುವ ಮೀಟರ್

ಅಕ್ಕಿಯನ್ನು ಕಿಲೋದಲ್ಲಿ ತೂಗುತ್ತೇವೆ. ಬಟ್ಟೆಯನ್ನು ಮೀಟರಿನಲ್ಲಿ ಅಳೆಯುತ್ತೇವೆ. ಸದ್ದನ್ನು ಅಳೆಯೋದು ಹೇಗೆ?

ಸದ್ದಿಗೂ ಒಂದು ಅಳತೆ ಇದೆ. ಅದರ ಹೆಸರು ಡೆಸಿಬಲ್. ಇದರ ಲೆಕ್ಕ ಅಕ್ಕಿಯ ಲೆಕ್ಕದ ಹಾಗಲ್ಲ. ಒಂದು ಯಂತ್ರದ ಸದ್ದು 90 ಡೆಸಿಬಲ್ ಅನ್ನಿ. ಪಕ್ಕದಲ್ಲಿ ಅಂಥದ್ದೇ ಇನ್ನೊಂದನ್ನು ಓಡಿಸಿದರೆ 180 ಆಗೋದಿಲ್ಲ, 93 ಆಗುತ್ತದೆ. 3 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಎರಡು ಪಟ್ಟು ಆಯಿತು ಎಂದು ಅರ್ಥ.

ಸದ್ದು ಅಂದರೆ ಗಾಳಿಯ ಅದುರಾಟ. ನಿಧಾನವಾಗಿ ಅದುರಿದರೆ ದಪ್ಪ ಸದ್ದು, ತಮಟೆಗಿಂತ ಡೊಳ್ಳಿನ ಹಾಗೆ. ಬೇಗ ಬೇಗ ಅದುರಿದರೆ ಸಣ್ಣ ಸದ್ದು, ಪೊಲೀಸರ ಸೀಟಿಯ ಹಾಗೆ. ಸೆಕೆಂಡಿಗೆ 20ರಿಂದ 20,000 ಸಲ ಅದುರುವ ಸದ್ದು ಮನುಷ್ಯನ ಕಿವಿಗೆ ಕೇಳುತ್ತದೆ. ಆದರೆ ಕಿವಿ ಎಲ್ಲವನ್ನೂ ಒಂದೇ ಸಮ ಕೇಳೋದಿಲ್ಲ. 3,000-4,000ದ ಸದ್ದಿಗೆ ಅದು ಬಲು ಚುರುಕು. ತೀರಾ ದಪ್ಪ ಸದ್ದಿಗೆ ಮಂದ. ಕೋಲಾರ ಚಿನ್ನದ ಗಣಿಯ ಜನಕ್ಕೆ ಇದು ಗೊತ್ತಿರೋದೇ. ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಊರಿನಲ್ಲಿ ಪಾತ್ರೆ ಅಲುಗುತ್ತಿತ್ತು, ನೆಲ ನಡುಗುತ್ತಿತ್ತು. ಕಿವಿಗಿಂತ ಕಾಲಿಗೆ ಹೆಚ್ಚು ತಿಳಿಯುತ್ತಿತ್ತು!

ಮೀಟರಿನ ಮೈಕಿಗೆ ಈ ಭೇದ ಇಲ್ಲ. ಅದಕ್ಕೆ ಎಲ್ಲ ಸದ್ದೂ ಒಂದೇ. ಹಾಗಾದರೆ ಅದು ಹೇಳುವ ಲೆಕ್ಕ ನಮ್ಮ ಕಿವಿಗೆ ಹೊಂದೋದು ಹೇಗೆ? 1933ರಲ್ಲಿ ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಎಂಬುವರು ಜನರಿಗೆ ಬೇರೆ ಬೇರೆ ಸದ್ದು ಕೇಳಿಸಿದರು. ಯಾವುದು ಯಾವುದರಷ್ಟು ಜೋರು ಅಂತ ಕೇಳಿ ಬರೆದುಕೊಂಡರು. ಅಂಥ ಲೆಕ್ಕದಿಂದ ಮೀಟರಿಗೆ 'ಎ' ಎಂಬ ಜರಡಿ ಬಂತು. ಸೆಕೆಂಡಿಗೆ 1,000 ಸಲ ಅದುರುವ ಸದ್ದನ್ನು ಅದು ಇದ್ದ ಹಾಗೇ ಬಿಡುತ್ತದೆ. 100 ಸಲದ ದಪ್ಪ ಸದ್ದಿನಲ್ಲಿ 19 ಡೆಸಿಬಲ್ ಕಳೆಯುತ್ತದೆ. 3,000ದ ಸದ್ದಿಗೆ ಸುಮಾರು 1 ಕೂಡಿಸುತ್ತದೆ.

ನಮ್ಮ ದೇಶದಲ್ಲಿ 2000ನೇ ಇಸವಿಯಲ್ಲಿ ಆದ ಶಬ್ದ ಮಾಲಿನ್ಯ ನಿಯಮದಲ್ಲೂ ಇದೇ 'ಎ' ಅಳತೆ. ಮನೆಗಳಿರುವ ಕಡೆ ಹಗಲು 55, ರಾತ್ರಿ 45 ಡೆಸಿಬಲ್ ದಾಟಬಾರದು. ಇದರಲ್ಲಿ ಒಂದು ಕೊರತೆ ಉಂಟು. ಮೆರವಣಿಗೆಯ ದೊಡ್ಡ ಬಾಕ್ಸುಗಳ ದಪ್ಪ ಸದ್ದಿಗೆ ಕಿಟಕಿ ಅದುರುತ್ತದೆ, ಎದೆ ನಡುಗುತ್ತದೆ. ಮೀಟರ್ ಮಾತ್ರ ಅದನ್ನು ಕಮ್ಮಿ ಮಾಡಿಯೇ ತೋರಿಸುತ್ತದೆ.

ಕಿವಿ ಕೆಡೋದನ್ನು ಲೆಕ್ಕ ಹಾಕುವುದೂ ಈ ಅಳತೆಯಿಂದಲೇ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅನ್ನುತ್ತಾರೆ. 88 ಆದರೆ 4 ಗಂಟೆ. 100 ಆದರೆ ಬರೀ 15 ನಿಮಿಷ! ಬಂಡೆ ಕೊರೆಯುವ ಡ್ರಿಲ್ಲಿನ ಸದ್ದು 100 ದಾಟುತ್ತದೆ. ಗಣಿಯಲ್ಲಿ ಅದನ್ನು ಹಿಡಿದವರು ಎಷ್ಟು ವರ್ಷ ಹಿಡಿದರೋ! 2001ರಲ್ಲಿ ಗಣಿ ಮುಚ್ಚಿತು. ಡ್ರಿಲ್ಲಿನ ಸದ್ದು ನಿಂತಿತು. ಆದರೆ ಹೋದ ಕಿವಿ ವಾಪಸ್ ಬರೋದಿಲ್ಲ.

ಇಂಥ ಸದ್ದಿಗೆ ಮೊದಲು ಕೆಡೋದು ಕಿವಿಯ ಆ ಚುರುಕು ಭಾಗವೇ, 4,000ದ ಆಸುಪಾಸು. ಮಾತಿನಲ್ಲಿ ಸ, ಶ, ಚ ಅಕ್ಷರಗಳ ಸಣ್ಣ ಸದ್ದು ಇರೋದೂ ಅಲ್ಲೇ. ನಮ್ಮ ಕಲಿಕಾ ಕೇಂದ್ರಕ್ಕೆ ಬರುತ್ತಿದ್ದ ಹಿರಿಯರೊಬ್ಬರು 'ಸಾಲು' ಅಂದರೆ 'ಹಾಲು' ಎಂದು ಬರೆಯುತ್ತಿದ್ದರು. "ದನಿ ಕೇಳುತ್ತೆ ಮೇಷ್ಟ್ರೇ, ಮಾತು ತಿಳಿಯಲ್ಲ" ಅನ್ನುತ್ತಿದ್ದರು. ಇಂಥವರ ಹತ್ತಿರ ಕೂಗಾಡಿದರೆ ಪ್ರಯೋಜನ ಇಲ್ಲ. ಎದುರಿಗೆ ಕೂತು, ತುಟಿ ಕಾಣುವ ಹಾಗೆ, ನಿಧಾನವಾಗಿ ಮಾತಾಡಬೇಕು. ಆಸ್ಪತ್ರೆಯ ಕಿವಿ ಪರೀಕ್ಷೆಯಲ್ಲಿ ದಪ್ಪ ಸದ್ದು, ಸಣ್ಣ ಸದ್ದು ಒಂದೊಂದನ್ನೂ ಬೇರೆ ಬೇರೆಯಾಗಿ ಕೇಳಿಸಿ ನೋಡುತ್ತಾರೆ. ಯಾವುದು ಎಷ್ಟು ಕೇಳುತ್ತಿಲ್ಲ ಎಂದು ಚೀಟಿಯಲ್ಲಿ ಗೆರೆ ಹಾಕಿ ತೋರಿಸುತ್ತಾರೆ. ಕಿವಿಯ ಮಿಷನ್ ಕೊಡುವಾಗ ಆ ಚೀಟಿ ನೋಡಿಯೇ ಹೊಂದಿಸುತ್ತಾರೆ.